ಬಣ್ಣದ ಆಯ್ಕೆಯೂ ಭಾವದ ಲೇಶ್ಯೆಯೂ: ಲೂಷರ್ ವರ್ಣಪರೀಕ್ಷೆಯ ವಿಮರ್ಶೆ

ಪರರ ಅಂತರಂಗವನ್ನು ಅರಿಯಬೇಕೆಂಬ ಹಂಬಲ ಮನುಷ್ಯನಿಗೆ ಪುರಾತನವಾದುದು. ಹಸ್ತರೇಖೆ, ಜಾತಕ, ಕೈಬರಹಗಳ ಸಾಲಿಗೆ ಇಪ್ಪತ್ತನೆಯ ಶತಮಾನವು ಸೇರಿಸಿದ ಮತ್ತೊಂದು ಸಾಧನವೆಂದರೆ ಬಣ್ಣದ ಆಯ್ಕೆ. ನೀಲಿಯನ್ನು ಮೆಚ್ಚುವವನು ಶಾಂತ, ಕೆಂಪನ್ನು ಮೆಚ್ಚುವವನು ಸಾಹಸಿ, ಕಪ್ಪನ್ನು ಮೊದಲು ಆರಿಸುವವನು ಬಂಡಾಯಗಾರ ಎಂಬಂತಹ ಮಾತುಗಳು ವಾರಪತ್ರಿಕೆಗಳ ಮೂಲಕ ಮನೆಮನೆಗೂ ತಲುಪಿವೆ. ಇವುಗಳ ಮೂಲಗಳಲ್ಲಿ ಪ್ರಮುಖವಾದುದು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ಲೂಷರ್ (1923–2017) ರೂಪಿಸಿದ ವರ್ಣಪರೀಕ್ಷೆ. ಜೈನ ವಾಚಕರಿಗೆ ಈ ವಿಷಯ ಇನ್ನೊಂದು ಕಾರಣದಿಂದಲೂ ವಿಚಾರಣೀಯವಾಗಿದೆ. ಜೀವದ ಪರಿಣಾಮಗಳನ್ನು ಆರು ಬಣ್ಣಗಳ ಹೆಸರಿನಿಂದ ಗುರುತಿಸುವ ಲೇಶ್ಯಾ ಸಿದ್ಧಾಂತವು ನಮ್ಮ ಶಾಸ್ತ್ರಗಳಲ್ಲಿ ಇರುವುದರಿಂದ, ಪಾಶ್ಚಾತ್ಯರು ಇಂದು ಕಂಡುದನ್ನು ಆಚಾರ್ಯರು ಅಂದೇ ಹೇಳಿದ್ದರು ಎಂಬ ಅಭಿಮಾನ ಸುಲಭವಾಗಿ ಹುಟ್ಟುತ್ತದೆ. ಈ ಅಭಿಮಾನಕ್ಕೆ ಆಧಾರವೆಷ್ಟು, ಅದರಿಂದ ಒದಗಬಹುದಾದ ಹಾನಿಯೇನು ಎಂಬುದನ್ನು ಪರಿಶೀಲಿಸುವುದು ಅವಶ್ಯ.

ಪರೀಕ್ಷೆಯ ಸ್ವರೂಪ

ಲೂಷರ್ ತನ್ನ ಪರೀಕ್ಷೆಯನ್ನು 1947ರಲ್ಲಿ ಪ್ರಕಟಿಸಿದನು. 1969ರಲ್ಲಿ ಇಯಾನ್ ಸ್ಕಾಟ್ ಅದನ್ನು ಇಂಗ್ಲಿಷಿಗೆ ಅನುವಾದಿಸಿ ಸಂಪಾದಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಅದರ ಸಂಕ್ಷಿಪ್ತ ರೂಪದಲ್ಲಿ ಎಂಟು ಬಣ್ಣದ ಕಾರ್ಡುಗಳಿವೆ: ಬೂದು, ಕಡುನೀಲಿ, ಹಸಿರು, ಕಿತ್ತಳೆಗೆಂಪು, ಹಳದಿ, ನೇರಳೆ, ಕಂದು ಮತ್ತು ಕಪ್ಪು. ಪರೀಕ್ಷೆಗೆ ಒಳಗಾಗುವವನು ತನಗೆ ಹೆಚ್ಚು ಇಷ್ಟವಾದುದರಿಂದ ಮೊದಲುಗೊಂಡು ಅವನ್ನು ಕ್ರಮವಾಗಿ ಆರಿಸಬೇಕು. ಸ್ವಲ್ಪ ಹೊತ್ತಿನ ನಂತರ ಮತ್ತೊಮ್ಮೆ ಆರಿಸಬೇಕು. ಮೊದಲ ಸ್ಥಾನಗಳು ಆಕಾಂಕ್ಷೆಯನ್ನೂ ಕೊನೆಯ ಸ್ಥಾನಗಳು ತಿರಸ್ಕಾರವನ್ನೂ ಸೂಚಿಸುತ್ತವೆಂದು ಗ್ರಂಥವು ಹೇಳುತ್ತದೆ. ನೀಲಿಯು ಶಾಂತಿ, ಹಸಿರು ದೃಢತೆ, ಕೆಂಪು ಚೈತನ್ಯ, ಹಳದಿ ಭರವಸೆ, ಕಪ್ಪು ನಿರಾಕರಣೆ. ಇದಕ್ಕೆ ಕೊಡುವ ಸಮರ್ಥನೆ ಹೀಗಿದೆ: ಆದಿಮಾನವನಿಗೆ ರಾತ್ರಿಯ ಕಡುನೀಲಿ ವಿಶ್ರಾಂತಿಯನ್ನೂ ಹಗಲಿನ ಹಳದಿ ಕ್ರಿಯೆಯನ್ನೂ ತಂದುದರಿಂದ ಆ ಸಂಸ್ಕಾರ ಮನುಕುಲದಲ್ಲಿ ಉಳಿದಿದೆ.

ಗ್ರಂಥಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಲೇಬೇಕು. ಉಡುಪಿನ ಅಥವಾ ಮನೆಯ ಗೋಡೆಯ ಬಣ್ಣವನ್ನು ನೆನೆಯದೆ, ಕಾರ್ಡನ್ನಷ್ಟೇ ನೋಡಿ ಆರಿಸಬೇಕೆಂದು ಅದು ಎಚ್ಚರಿಸುತ್ತದೆ. ಸೀರೆಯ ಬಣ್ಣ ನೋಡಿ ಸ್ವಭಾವ ಹೇಳುವವರು ಲೂಷರ್‌ನ ಹೆಸರನ್ನು ಬಳಸಿದರೂ ಅವನ ನಿಯಮವನ್ನೇ ಮುರಿದಂತಾಯಿತು.

ತಕ್ಕಡಿಯ ಪರೀಕ್ಷೆ

ಸರಕನ್ನು ತೂಗುವ ಮೊದಲು ಬರಿಯ ತಟ್ಟೆಗಳು ಸಮನಾಗಿ ನಿಲ್ಲುತ್ತವೆಯೇ ಎಂದು ನೋಡುವುದು ಪ್ರಾಮಾಣಿಕ ವ್ಯಾಪಾರದ ಮೊದಲ ನಿಯಮ. ಮನಸ್ಸನ್ನು ತೂಗುವ ತಕ್ಕಡಿಗೂ ಇದೇ ನಿಯಮ ಅನ್ವಯಿಸುತ್ತದೆ. 1984ರಲ್ಲಿ ಲೂಷರ್ ಪರೀಕ್ಷೆಯನ್ನು ಮಿನ್ನೆಸೋಟಾ ವ್ಯಕ್ತಿತ್ವ ಪರೀಕ್ಷೆಯೊಡನೆ ಹೋಲಿಸಿದಾಗ ಎರಡರ ನಡುವೆ ಹೆಚ್ಚಿನ ಹೊಂದಾಣಿಕೆ ಕಂಡುಬರಲಿಲ್ಲ. ಲೂಷರ್ ಪರೀಕ್ಷೆಯನ್ನು ಎಚ್ಚರಿಕೆಯಿಂದ ಬಳಸಬೇಕೆಂದು ಆ ಸಂಶೋಧಕರು ಸೂಚಿಸಿದರು.

ಹಾಗಿದ್ದರೂ ಪರೀಕ್ಷೆಗೊಳಗಾದವರು "ನನ್ನ ಸ್ವಭಾವವನ್ನೇ ಹೇಳಿದೆ" ಎಂದು ಬೆರಗಾಗುವುದೇಕೆ? ಇದಕ್ಕೆ ಉತ್ತರ ಅಮೆರಿಕದ ಬರ್ಟ್ರಮ್ ಫೋರರ್ 1948ರಲ್ಲಿ ನಡೆಸಿದ ಪ್ರಯೋಗದಲ್ಲಿದೆ. ಅವನು 39 ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟು, ಅನಂತರ ಪ್ರತಿಯೊಬ್ಬನಿಗೂ ಅವನದೇ ಎಂದು ಹೇಳಿ ಒಂದು ಸ್ವಭಾವಚಿತ್ರಣವನ್ನು ಹಂಚಿದನು. ವಾಸ್ತವವಾಗಿ ಎಲ್ಲರಿಗೂ ಕೊಟ್ಟುದು ಒಂದೇ ಬರಹ. ಅದರ ವಾಕ್ಯಗಳನ್ನು ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕದಿಂದ ಆಯ್ದುಕೊಳ್ಳಲಾಗಿತ್ತು. ಆದರೂ ವಿದ್ಯಾರ್ಥಿಗಳು ಅದರ ಸತ್ಯತೆಗೆ 5ರಲ್ಲಿ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು. ಯಾರಿಗೆ ಹೇಳಿದರೂ ಒಪ್ಪುವ ಮಾತು ಯಾರನ್ನೂ ವಿಶೇಷವಾಗಿ ಗುರುತಿಸಲಾರದು.

ಇನ್ನೊಂದು ತೊಡಕೂ ಇದೆ. ಹ್ಯಾನ್ಸ್ ಐಸೆಂಕ್ 1941ರಲ್ಲಿ ಅದುವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನರ ಮೆಚ್ಚುಗೆಯಲ್ಲಿ ನೀಲಿಯು ಮೊದಲನೆಯದಾಗಿಯೂ ಹಳದಿಯು ಕೊನೆಯದಾಗಿಯೂ ಕಂಡುಬಂದವು. ಬಹುಜನರು ನೀಲಿಯನ್ನೇ ಮೆಚ್ಚುವರಾದರೆ ನೀಲಿಯ ಮೆಚ್ಚುಗೆ ಒಬ್ಬನ ಸ್ವಭಾವದ ಬಗ್ಗೆ ಹೇಳುವುದು ಅತ್ಯಲ್ಪ. ಈ ಮೆಚ್ಚುಗೆಯ ಕಾರಣವನ್ನು 2010ರಲ್ಲಿ ಸ್ಟೀಫನ್ ಪಾಮರ್ ಮತ್ತು ಕ್ಯಾರೆನ್ ಶ್ಲಾಸ್ ಶೋಧಿಸಿದರು. 32 ಬಣ್ಣಗಳನ್ನು ತೆಗೆದುಕೊಂಡು, ಪ್ರತಿಯೊಂದೂ ಯಾವ ಯಾವ ವಸ್ತುಗಳನ್ನು ನೆನಪಿಸುತ್ತದೆ, ಆ ವಸ್ತುಗಳು ಎಷ್ಟು ಪ್ರಿಯ ಎಂದು ಅವರು ಲೆಕ್ಕ ಹಾಕಿದರು. ಬಣ್ಣಗಳ ಸರಾಸರಿ ಮೆಚ್ಚುಗೆಯ ವ್ಯತ್ಯಾಸದಲ್ಲಿ ಶೇಕಡಾ 80ರಷ್ಟಕ್ಕೆ ಇದೇ ವಿವರಣೆ ಸಾಕಾಯಿತು. ನಿರ್ಮಲ ಆಕಾಶ, ತಿಳಿನೀರು ಪ್ರಿಯವಾದುದರಿಂದ ನೀಲಿ ಪ್ರಿಯ. ಕೊಳೆತ ವಸ್ತುಗಳು ಅಪ್ರಿಯವಾದುದರಿಂದ ಕಂದು ಅಪ್ರಿಯ. ಎಂದರೆ ಬಣ್ಣದ ಆಯ್ಕೆ ಬಹುಮಟ್ಟಿಗೆ ಅನುಭವದ, ಪರಿಸರದ, ರೂಢಿಯ ಫಲ. ಯೂರೋಪಿನ ವಧುವಿಗೆ ಮಂಗಳಕರವಾದ ಬಿಳುಪೇ ಭಾರತದ ಹಲವೆಡೆ ವೈಧವ್ಯದ ಗುರುತಾಗಿತ್ತು. ಆ ಬಿಳುಪೇ ಶ್ವೇತಾಂಬರ ಸಾಧು ಸಾಧ್ವಿಯರ ವಸ್ತ್ರದಲ್ಲಿ ತ್ಯಾಗದ ಚಿಹ್ನೆ.

ಲೇಶ್ಯೆ ಬೇರೆ, ಆಯ್ಕೆ ಬೇರೆ

ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳ ವಿವರಣೆ ಉತ್ತರಾಧ್ಯಯನ ಸೂತ್ರದ 34ನೆಯ ಅಧ್ಯಯನದಲ್ಲಿಯೂ (ಅಲ್ಲಿ ಪೀತಕ್ಕೆ ತೇಜೋಲೇಶ್ಯೆ ಎಂದು ಹೆಸರು), ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿಯೂ ಇದೆ. ಜೀವಕಾಂಡಕ್ಕೆ ಕೇಶವವರ್ಣಿಯು ಕನ್ನಡದಲ್ಲಿಯೇ ವೃತ್ತಿ ರಚಿಸಿದನು. ಈ ಗ್ರಂಥಗಳಲ್ಲಿ ಎಲ್ಲಿಯೂ ಯಾವನಿಗೆ ಯಾವ ಬಣ್ಣ ಇಷ್ಟ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಷಾಯದಿಂದ ರಂಜಿತವಾದ ಮನೋವಾಕ್ಕಾಯಗಳ ಪ್ರವೃತ್ತಿಯೇ ಭಾವಲೇಶ್ಯೆ. ಅಲ್ಲಿ ಬಣ್ಣವು ತರತಮವನ್ನು ತಿಳಿಸುವ ಹೆಸರು. ಅಳೆಯುವುದು ಕ್ರೋಧ ಮಾನ ಮಾಯಾ ಲೋಭಗಳ ತೀವ್ರತೆ ಮಂದತೆಗಳನ್ನು.

ಪ್ರಸಿದ್ಧವಾದ ಜಂಬೂವೃಕ್ಷದ ದೃಷ್ಟಾಂತ ಇದನ್ನು ಸ್ಪಷ್ಟಪಡಿಸುತ್ತದೆ. ಹಸಿದ ಆರು ಮಂದಿ ನೇರಳೆಯ ಮರವನ್ನು ಕಾಣುತ್ತಾರೆ. ಒಬ್ಬನು ಮರವನ್ನು ಬುಡಸಹಿತ ಕೀಳೋಣವೆನ್ನುವನು. ಎರಡನೆಯವನು ಕಾಂಡವನ್ನು, ಮೂರನೆಯವನು ಹಿರಿಯ ಕೊಂಬೆಯನ್ನು, ನಾಲ್ಕನೆಯವನು ಕಿರಿಯ ರೆಂಬೆಯನ್ನು ಕಡಿಯೋಣವೆನ್ನುವರು. ಐದನೆಯವನು ಹಣ್ಣನ್ನಷ್ಟೇ ಕೊಯ್ಯಬಯಸುವನು. ಆರನೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕು. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಈ ಮರವನ್ನೂ ಆರು ಜನರನ್ನೂ ಯಾತ್ರಿಕರು ಇಂದಿಗೂ ಕಾಣಬಹುದು. ಆರು ಮಂದಿಯ ಹಸಿವೂ ಒಂದೇ, ಬಯಸಿದ ಹಣ್ಣೂ ಒಂದೇ. ಆ ಹಸಿವಿಗಾಗಿ ಇನ್ನೊಂದು ಜೀವಕ್ಕೆ ಎಷ್ಟು ಹಿಂಸೆ ಮಾಡಲು ಸಿದ್ಧರು ಎಂಬುದರಲ್ಲಿ ಮಾತ್ರ ಅವರ ಭೇದ.

ಬಣ್ಣಕ್ಕೆ ಸ್ವತಃ ಶುಭಾಶುಭವಿಲ್ಲವೆಂಬುದಕ್ಕೆ ಪಂಚವರ್ಣ ಧ್ವಜವೂ ಸಾಕ್ಷಿ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ, 1974–75ರಲ್ಲಿ, ಎಲ್ಲ ಪಂಥಗಳೂ ಒಪ್ಪಿದ ಈ ಧ್ವಜದಲ್ಲಿ ಕಪ್ಪು ಅಥವಾ ಕಡುನೀಲಿಯ ಪಟ್ಟಿ ಸಾಧು ಪರಮೇಷ್ಠಿಯ ಸಂಕೇತ. ಲೇಶ್ಯೆಗಳಲ್ಲಿ ಅಧಮವೆನಿಸಿದ ವರ್ಣವೇ ಧ್ವಜದಲ್ಲಿ ವಂದ್ಯವಾಗಿದೆ.

ಮೈಬಣ್ಣದ ಅಪಾಯ

ಈ ಗೊಂದಲ ಪುಸ್ತಕದಲ್ಲಿಯೇ ಉಳಿದಿದ್ದರೆ ಅಷ್ಟು ಚಿಂತೆಯಿರಲಿಲ್ಲ. ವಿವಾಹದ ಮಾತುಕತೆಯಲ್ಲಿ ಕನ್ಯೆಯ ಮೈಬಣ್ಣವನ್ನು ಮೊದಲು ಕೇಳುವ ರೂಢಿ ಜೈನ ಮನೆಗಳನ್ನೂ ಬಿಟ್ಟಿಲ್ಲ. ಬಣ್ಣವೇ ಸ್ವಭಾವವೆಂಬ ಮಾತಿಗೆ ಲೇಶ್ಯೆಯ ಹೆಸರು ಸೇರಿದರೆ ಆ ರೂಢಿಗೆ ಶಾಸ್ತ್ರದ ಮುದ್ರೆ ಒತ್ತಿದಂತಾಗುತ್ತದೆ. ಗೊಮ್ಮಟಸಾರವಾದರೋ ದ್ರವ್ಯಲೇಶ್ಯೆ, ಭಾವಲೇಶ್ಯೆ ಎಂದು ಎರಡನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಶರೀರದ ವರ್ಣವು ನಾಮಕರ್ಮದ ಉದಯದಿಂದ ಬಂದುದು, ಆಯುಷ್ಯದುದ್ದಕ್ಕೂ ಇರುವಂಥದು. ಮನುಷ್ಯನ ಭಾವಲೇಶ್ಯೆಯಾದರೋ 48 ನಿಮಿಷಗಳಿಗಿಂತ ಕಡಿಮೆಯಾದ ಒಂದು ಅಂತರ್ಮುಹೂರ್ತದಲ್ಲಿಯೇ ಬದಲಾಗಬಲ್ಲದು. ಮುನಿಸುವ್ರತ ತೀರ್ಥಂಕರರೂ ನೇಮಿನಾಥ ತೀರ್ಥಂಕರರೂ ಶ್ಯಾಮವರ್ಣದವರೆಂಬುದನ್ನು ಬಲ್ಲ ಸಮಾಜ, ಅದೇ ಬಣ್ಣದ ಹೆಣ್ಣುಮಗಳನ್ನು ಹಿಂದಕ್ಕೆ ಕಳುಹಿಸುವುದು ಯಾವ ಧರ್ಮ?

ಲೂಷರ್‌ನ ಪರೀಕ್ಷೆಯಲ್ಲಿ ಒಬ್ಬನು ಆರಿಸುತ್ತಾನೆ, ಇನ್ನೊಬ್ಬನು ಕೋಷ್ಟಕ ನೋಡಿ ತೀರ್ಪು ಹೇಳುತ್ತಾನೆ. ಲೇಶ್ಯಾ ವಿಚಾರದಲ್ಲಿ ಪ್ರಮತ್ತನೂ ತಾನೇ, ಪರೀಕ್ಷಕನೂ ತಾನೇ. ಪರೀಕ್ಷೆಯ ಉದ್ದೇಶ ಪರಿಣಾಮವಿಶುದ್ಧಿ. ಆದುದರಿಂದ ಬಣ್ಣದ ಕಾರ್ಡುಗಳನ್ನು ವಿನೋದಕ್ಕೆ ನೋಡುವುದರಲ್ಲಿ ದೋಷವಿಲ್ಲ. ಅವುಗಳ ಆಧಾರದ ಮೇಲೆ ಗುಮಾಸ್ತನನ್ನಾಗಲಿ ಸೊಸೆಯನ್ನಾಗಲಿ ಆರಿಸುವುದು ಅನ್ಯಾಯ. ಬಸದಿಗಳ ಟ್ರಸ್ಟುಗಳು ತಮ್ಮ ಪಾಠಶಾಲೆಗಳಲ್ಲಿ ಷಟ್‌ಲೇಶ್ಯೆಯ ಚಿತ್ರವನ್ನು ತೋರಿಸುವಾಗ, ಆ ಆರು ಮಂದಿಯ ಮೈಬಣ್ಣವನ್ನೇ ಹೇಳಿ ನಿಲ್ಲಿಸದೆ, ಪ್ರತಿಯೊಬ್ಬನೂ ಮರಕ್ಕೆ ಏನು ಮಾಡಲು ಹೊರಟಿದ್ದನೆಂಬುದನ್ನು ಮಕ್ಕಳ ಬಾಯಿಂದ ಹೇಳಿಸಬೇಕು. ಮನೆಯ ಹಿರಿಯರೂ ಅಷ್ಟೆ: ದಿನದ ಲೆಕ್ಕ ಬರೆದು ಮುಗಿಸಿದ ಮೇಲೆ, ಇಂದಿನ ಲಾಭಕ್ಕಾಗಿ ಬುಡ ಕಡಿದೆವೋ, ಕೊಂಬೆ ಮುರಿದೆವೋ, ಉದುರಿದುದನ್ನು ಆರಿಸಿಕೊಂಡೆವೋ ಎಂದು ಒಂದು ಕ್ಷಣ ವಿಚಾರಿಸಿಕೊಂಡರೆ ಲೇಶ್ಯಾ ಸಿದ್ಧಾಂತದ ಅಧ್ಯಯನ ಸಾರ್ಥಕವಾಗುತ್ತದೆ.