ಪುಲಿಗೆರೆಯೂ ದಂಪತಿಗಳ ಪ್ರವಾಸಲೇಖನವೂ

ಎರಡು ದಿನಗಳ ಬಿಡುವಿನಲ್ಲಿ ಗಂಡಹೆಂಡಿರಿಬ್ಬರು ಹಳೆಯ ಊರೊಂದಕ್ಕೆ ಹೋಗಿಬಂದು, ಅದರ ವೃತ್ತಾಂತವನ್ನು ಬರೆದು ಪ್ರಕಟಿಸುವ ರೂಢಿಯು ಕನ್ನಡದಲ್ಲಿ ಚೆನ್ನಾಗಿ ಬೇರೂರಿದೆ. ಗದಗ ಜಿಲ್ಲೆಯ ಮಟ್ಟಿಗೆ ಇಂಥ ಲೇಖನಗಳ ಹಾದಿಯೂ ಗೊತ್ತಾದುದೇ. ಮೊದಲನೆಯ ದಿನ ಗದಗಿನ ವೀರನಾರಾಯಣ, ತ್ರಿಕೂಟೇಶ್ವರ. ಮಧ್ಯಾಹ್ನ ಲಕ್ಕುಂಡಿಯ ಬ್ರಹ್ಮಜಿನಾಲಯ. ಮರುದಿನ ಸುಮಾರು 40 ಕಿಲೋಮೀಟರು ದೂರದ ಲಕ್ಷ್ಮೇಶ್ವರ. ಹೊತ್ತು ಉಳಿದರೆ ಶಿರಹಟ್ಟಿಯ ಫಕೀರೇಶ್ವರ ಮಠ. ಓದಿ ಮುಗಿಸಿದ ವಾಚಕನಿಗೆ ಗುಡಿಗಳ ಹೆಸರು ತಿಳಿಯುವವು, ಕಂಬಗಳ ಕೆತ್ತನೆ ತಿಳಿಯುವದು, ಊಟವು ಎಲ್ಲಿ ರುಚಿಯಾಗಿತ್ತೆಂಬುದೂ ತಿಳಿಯುವದು. ಊರು ಮಾತ್ರ ತಿಳಿಯುವದಿಲ್ಲ. ಕಾಲಾವಕಾಶದ ಅಭಾವವೇ ಇದಕ್ಕೆ ಕಾರಣವೆಂದು ಸಮಾಧಾನ ಹೇಳುವದುಂಟು. ಆ ಸಮಾಧಾನವು ಒಪ್ಪತಕ್ಕದ್ದಲ್ಲ.

ದಂಪತಿಗಳ ಕಿರುಪ್ರವಾಸಕ್ಕೆ ಸಂಸ್ಕೃತ ಸಾಹಿತ್ಯದಲ್ಲಿ ಒಂದು ಮೇಲ್ಪಂಕ್ತಿಯಿದೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮಸೀತೆಯರು ಪುಷ್ಪಕವನ್ನೇರಿ ಲಂಕೆಯಿಂದ ಮರಳುವರು. ಪ್ರಯಾಣವು ಅತ್ಯಲ್ಪಕಾಲದ್ದು, ವಿಮಾನವು ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುವದಿಲ್ಲ. ಆದರೂ ಕೆಳಗೆ ಕಾಣುವ ಒಂದೊಂದು ಸ್ಥಳವೂ ಜೀವಂತವಾಗುವದು. ಇಲ್ಲಿ ನಿನ್ನ ಕಾಲ್ಗೆಜ್ಜೆಯು ಬಿದ್ದುದನ್ನು ಕಂಡೆನೆಂದೂ, ಈ ಮಾಲ್ಯವಂತದಲ್ಲಿ ನೀನಿಲ್ಲದೆ ಮಳೆಗಾಲವನ್ನು ಕಳೆದೆನೆಂದೂ ರಾಮನು ಹೇಳುತ್ತ ಹೋಗುವನು. ನೆಲವು ನೆನಪಿನಿಂದ ತುಂಬಿರುವದರಿಂದ ಕ್ಷಣಮಾತ್ರದ ನೋಟವೇ ಸಾಕಾಗುವದು. ದಿನಗಳ ಎಣಿಕೆಯು ಅಲ್ಲಿ ಅಪ್ರಸ್ತುತ.

ರಾಮಸೀತೆಯರಿಗೆ ಆ ಸ್ಥಳಗಳಲ್ಲಿ ಸ್ವಂತ ಸ್ಮೃತಿಗಳಿದ್ದವು, ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದಿಳಿದ ದಂಪತಿಗಳಿಗೆ ಲಕ್ಷ್ಮೇಶ್ವರದಲ್ಲಿ ಯಾವ ಸ್ಮೃತಿಯಿದ್ದೀತು ಎಂದು ಯಾರಾದರೂ ಆಕ್ಷೇಪಿಸಬಹುದು. ಉತ್ತರವು ಸರಳವಾದುದು: ಕನ್ನಡವನ್ನು ಬಲ್ಲವರಿಗೆ ಆ ಸ್ಮೃತಿಯು ಕನ್ನಡದಲ್ಲಿಯೇ ಇದೆ. ಲಕ್ಷ್ಮೇಶ್ವರವೆಂದರೆ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಈ ಊರನ್ನು ಎಣಿಸಿದೆ. ಹತ್ತನೆಯ ಶತಮಾನದ ಪಂಪನು ತನ್ನ ವಿಕ್ರಮಾರ್ಜುನವಿಜಯದ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ. ಇಲ್ಲಿಗೆ ಬಂದ ಕನ್ನಡಿಗರು ತಮ್ಮ ಮಾತಿನ ತವರಿಗೆ ಬಂದಂತೆಯೇ ಸರಿ. ಪ್ರವಾಸಲೇಖನಗಳಲ್ಲಿ ಈ ಸಂಗತಿಗೆ ದೊರೆಯುವದು ಬಹಳವಾದರೆ ಅರ್ಧ ವಾಕ್ಯ.

ಪುಲಿಗೆರೆಯ ಸ್ಮೃತಿಯಲ್ಲಿ ಮುಖ್ಯವಾದುದೂ ಒಂದು ದಂಪತಿಗಳ ಕಥೆಯೇ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಶಿವಭಕ್ತ ಆದಯ್ಯನು ಜೈನರ ಮಗಳಾದ ಪದ್ಮಾವತಿಯನ್ನು ಮೆಚ್ಚಿ ಮದುವೆಯಾದನು. ಅತಿಥಿಸತ್ಕಾರದ ವಿಷಯದಲ್ಲಿ ಮಾವನ ಮನೆಯಲ್ಲಿ ಕಲಹ ಹುಟ್ಟಲು, ಸೌರಾಷ್ಟ್ರದ ಸೋಮನಾಥನನ್ನೇ ಈ ಊರಿನ ಸುರಹೊನ್ನೆ ಬಸದಿಯಲ್ಲಿ ತಂದು ನಿಲ್ಲಿಸುವೆನೆಂದು ಪ್ರತಿಜ್ಞೆ ಮಾಡಿ ಹೊರಟನು. ಇದನ್ನು ಹರಿಹರನು ಆದಯ್ಯನ ರಗಳೆಯಲ್ಲಿ ಹಾಡಿದನು. ಅವನ ಸೋದರಳಿಯ ರಾಘವಾಂಕನು ಸೋಮನಾಥಚರಿತೆಯಲ್ಲಿ ಷಟ್ಪದಿಗೆ ತಂದನು. ಮಾವನದು ಭಕ್ತಿಯ ಧಾವಂತ. ಅಳಿಯನದು ಸಂವಾದ, ಸನ್ನಿವೇಶಗಳ ಬಿಗಿ. ಎರಡನ್ನೂ ಓದಿಕೊಂಡು ಸೋಮೇಶ್ವರ ದೇವಾಲಯದ ಗರ್ಭಗುಡಿಯ ಮುಂದೆ ನಿಂತವರಿಗೆ, ನಂದಿಯನ್ನೇರಿ ಕುಳಿತ ಶಿವಪಾರ್ವತಿಯರ ಮೂರ್ತಿಯು ಬರಿಯ ‘ಅಪೂರ್ವ ವಿಗ್ರಹ’ವಾಗಿ ತೋರಲಾರದು. ದೂರದೇಶದಿಂದ ಬಂದನೆಂದು ಕವಿಗಳು ಹಾಡಿದ ದೇವರು ಇಲ್ಲಿ ಒಬ್ಬಂಟಿಗನಲ್ಲ. ಸತಿಯೊಡನೆ ವಾಹನವನ್ನೇರಿದ ಪಯಣಿಗನಾಗಿದ್ದಾನೆ.

ಆದರೆ ಇಲ್ಲಿಯೇ ವಿವೇಕವು ಬೇಕಾಗುವದು. ಈ ಕಾವ್ಯಗಳು ಶಿವಭಕ್ತಿಯ ಪಕ್ಷದವು. ಅದು ಅವುಗಳ ಬಲವೂ ಹೌದು, ಮಿತಿಯೂ ಹೌದು. ಪದ್ಮಾವತಿಯ ತವರಿನವರ ಮಾತನ್ನು ಅವು ಎದುರಾಳಿಯ ಮಾತಾಗಿ ಮಾತ್ರ ಕೇಳಿಸುವವು. ಊರಾದರೋ ಇಬ್ಬರ ಮಾತನ್ನೂ ಉಳಿಸಿಕೊಂಡಿದೆ. ಪ್ರಾಚೀನವಾದ ಶಂಖಬಸದಿಯು ಇಂದಿಗೂ ನಿಂತಿದೆ. ಅದರೊಳಗಿನ ಸಹಸ್ರಕೂಟದಲ್ಲಿ ಸಾಲುಸಾಲಾಗಿ ಕಿರಿಯ ಜಿನಬಿಂಬಗಳಿವೆ. ಪುಲಿಗೆರೆಯ ನುಡಿಯನ್ನು ಹೊಗಳಿದ ಪಂಪನೂ ಜೈನನೇ. ಆದಿಲಶಾಹಿ ಕಾಲದ ಮಸೀದಿಯೂ ಊರಲ್ಲಿದೆ. ಸೋಮೇಶ್ವರನನ್ನು ಕಂಡು ಬಸದಿಯನ್ನು ಬಿಟ್ಟುಹೋದವರು ಅರ್ಧ ಪುಲಿಗೆರೆಯನ್ನು ಕಂಡಂತಾಯಿತು. ಹಳೆಯ ಕಲಹದಲ್ಲಿ ಅರಿಯದೆಯೇ ಒಂದು ಪಕ್ಷವನ್ನು ಹಿಡಿದಂತೆಯೂ ಆಯಿತು.

ಎರಡು ನೋಟಗಳ ಅವಶ್ಯಕತೆಯು ಪ್ರವಾಸಿಗಳ ವಿಷಯದಲ್ಲಿಯೂ ಅಷ್ಟೇ ಇದೆ. ಜಪಾನದ ಕವಿ ಬಾಶೋ 1689ರಲ್ಲಿ ಸೋರಾ ಎಂಬ ಶಿಷ್ಯನೊಡನೆ ಉತ್ತರದ ಪ್ರಾಂತಗಳಿಗೆ ಕಾಲ್ನಡೆಯಲ್ಲಿ ಹೋದನು. ಹಿಂದಿನ ಕವಿಗಳು ಹಾಡಿ ಹೆಸರು ಮಾಡಿದ ಸ್ಥಳಗಳಿಗೆ ಆ ನಾಡಿನಲ್ಲಿ ‘ಉತಾಮಾಕುರಾ’ ಎಂಬ ಪ್ರತ್ಯೇಕ ಸಂಜ್ಞೆಯೇ ಇದೆ. ಅಂಥ ಸ್ಥಳಗಳನ್ನು ಕಾಣುವದು ಬಾಶೋವಿನ ಉದ್ದೇಶಗಳಲ್ಲೊಂದಾಗಿತ್ತು. ಹಿರಾಇಜುಮಿ ಎಂಬ ಪ್ರಾಚೀನ ಪಟ್ಟಣದಲ್ಲಿ ಎರಡು ಪ್ರಸಿದ್ಧ ಮಂದಿರಗಳ ಬಾಗಿಲು ತೆರೆದಿದ್ದವೆಂದು ಅವನು ಬರೆದನು. 1943ರಲ್ಲಿ ಬೆಳಕಿಗೆ ಬಂದ ಸೋರಾನ ದಿನಚರಿಯು, ಅವುಗಳಲ್ಲಿ ಒಂದರ ಅಧಿಕಾರಿಯು ಊರಲ್ಲಿರಲಿಲ್ಲವಾದ್ದರಿಂದ ಅದು ತೆರೆಯಲಿಲ್ಲವೆನ್ನುವದು. ಇದರಿಂದ ಗುರುವಿನ ಕಾವ್ಯವು ಕುಂದಲಿಲ್ಲ. ವಸ್ತುವೂ ಭಾವವೂ ಎಲ್ಲಿ ಬೇರಾದವೆಂಬುದು ಓದುಗರಿಗೆ ತಿಳಿದುಬಂದಿತು. ಜೊತೆಗಾರನು ಬರೆದಿಡದಿದ್ದರೆ ಈ ತಿಳಿವಳಿಕೆಗೆ ದಾರಿಯಿರಲಿಲ್ಲ.

ಕನ್ನಡದ ದಂಪತಿಲೇಖನಗಳಲ್ಲಿ ಈ ಎರಡನೆಯ ದನಿಯೇ ಇಲ್ಲ. ಇಬ್ಬರು ಹೋಗುವರು, ಒಬ್ಬನು ಬರೆಯುವನು. ಹೆಂಡತಿಯು ಬೆಟಗೇರಿಯಲ್ಲಿ ಸೀರೆಯನ್ನು ಕೊಳ್ಳುವದಕ್ಕೂ, ಗುಡಿಯ ಮೆಟ್ಟಿಲಮೇಲೆ ದಣಿದು ಕುಳಿತುಕೊಳ್ಳುವದಕ್ಕೂ ಮಾತ್ರ ಲೇಖನದಲ್ಲಿ ಕಾಣಿಸಿಕೊಳ್ಳುವಳು. ಅವಳು ಏನು ಕಂಡಳೆಂದು ಯಾರೂ ಕೇಳರು. ಮೇಲೆ ಹೊಗಳಿದ ರಘುವಂಶದ ಸರ್ಗದಲ್ಲಿಯೂ ಮಾತೆಲ್ಲ ರಾಮನದೇ. ಆದರೆ ಕಾಳಿದಾಸನು ಸೀತೆಯನ್ನು ಮರೆತವನಲ್ಲ: ಅವಳು ಕುತೂಹಲದಿಂದ ಗವಾಕ್ಷದ ಹೊರಗೆ ಕೈಚಾಚಿ ಮೋಡವನ್ನು ಮುಟ್ಟಿದಾಗ, ಮಿಂಚು ಆ ಕೈಗೆ ಎರಡನೆಯ ಬಳೆಯನ್ನು ತೊಡಿಸಿದಂತಾಯಿತೆಂದು ರಾಮನ ಬಾಯಿಂದಲೇ ಹೇಳಿಸಿದ್ದಾನೆ. ನೆನಪುಗಳನ್ನು ಹೇಳುವವನು ಅವನು. ಎದುರಿನ ಆಕಾಶವನ್ನು ಮುಟ್ಟಿದವಳು ಅವಳು. ಈಗಿನ ಲೇಖಕರಿಗೆ ಇಷ್ಟಾದರೂ ಗಮನವಿದ್ದರೆ ಸಾಕಾಗಿತ್ತು.

ಪುಲಿಗೆರೆಯಂಥ ಊರಿಗೆ ಎರಡು ದಿನಗಳು ಕಡಿಮೆಯೇನಲ್ಲ. ಹೊರಡುವ ಮೊದಲು ರಗಳೆಯನ್ನೂ ಚರಿತೆಯನ್ನೂ ಮನೆಯಲ್ಲಿ ಇಬ್ಬರೂ ಓದಿಕೊಂಡು, ಬಸದಿಗೂ ಗುಡಿಗೂ ಸಮನಾದ ಹೊತ್ತನ್ನು ಕೊಟ್ಟು, ಮರಳಿದ ಮೇಲೆ ಇಬ್ಬರೂ ಬೇರೆಬೇರೆಯಾಗಿ ಬರೆಯಲಿ. ಇಬ್ಬರ ಬರಹಗಳಲ್ಲಿ ಭೇದವು ಕಂಡಲ್ಲಿ ಅದನ್ನು ತಿದ್ದಿ ಒಂದು ಮಾಡದೆ, ಸಂಪಾದಕರು ಹಾಗೆಯೇ ಅಚ್ಚು ಹಾಕಿಸಲಿ. ಪದ್ಮಾವತಿಯು ತಾನು ಕಂಡ ಪುಲಿಗೆರೆಯನ್ನು ಬರೆದಿಟ್ಟಿದ್ದರೆ ಕನ್ನಡಕ್ಕೆ ಎಂಥ ಗ್ರಂಥವು ದೊರೆಯುತ್ತಿತ್ತೋ! ಆ ನಷ್ಟವನ್ನು ಈಗ ತುಂಬಲಾಗದು, ಮುಂದಿನವರದನ್ನಾದರೂ ತಪ್ಪಿಸಬಹುದು.