ಹಳೇ ನೋಟ್ಸು, ಹೊಸ ಸೆಕ್ಷನ್

ಕಾನೂನು ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಿಗೆ ಪರೀಕ್ಷೆ ಬಂತೆಂದರೆ ಸುಗ್ಗಿ. ಸೀನಿಯರ್‌ಗಳ ನೋಟ್ಸು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ‘ಇಂಪಾರ್ಟೆಂಟ್’ ಎಂದು ಗೆರೆ ಎಳೆದ ಹಾಳೆಗಳು ಕಟ್ಟುಕಟ್ಟಾಗಿ ಕೈ ಬದಲಾಯಿಸುತ್ತವೆ. ಕಾಂಟ್ರ್ಯಾಕ್ಟ್ ಪತ್ರಿಕೆಗೆ ಈ ದಾರಿ ಈಗಲೂ ನಡೆದೀತು. 1872ರ ಆ ಕಾಯ್ದೆ ಅಷ್ಟಾಗಿ ಅಲುಗಾಡಿಲ್ಲ. ಕ್ರಿಮಿನಲ್ ಕಾನೂನಿಗೆ ಮಾತ್ರ ಹಳೇ ನೋಟ್ಸು ನಂಬಿ ಕೂತವರು ಕೆಟ್ಟರು.

2024ರ ಜುಲೈ 1ರಂದು ಐಪಿಸಿ, ಸಿಆರ್‌ಪಿಸಿ ಮತ್ತು ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಐಪಿಸಿಯಲ್ಲಿ 511 ಸೆಕ್ಷನ್‌ಗಳಿದ್ದವು, ನ್ಯಾಯ ಸಂಹಿತೆಯಲ್ಲಿ 358. ಕೊಲೆಯ 302 ಈಗ 103. ವಂಚನೆಯ 420 ಈಗ 318(4). ಇವನ್ನು ಅಕ್ಕಪಕ್ಕ ಇಟ್ಟು ತೋರಿಸುವ ಪಟ್ಟಿಗಳು ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಓಡಾಡುತ್ತಿವೆ. ಎಡವುವುದು ಅಲ್ಲೇ.

482 ಎಂಬ ಸಂಖ್ಯೆಯನ್ನೇ ನೋಡಿ. ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ. ಎಫ್‌ಐಆರ್ ರದ್ದು ಕೋರುವವರು ತಟ್ಟುತ್ತಿದ್ದ ಬಾಗಿಲು. ಹೊಸ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನು, ಅಂದರೆ ಹಳೆಯ 438. ಅಂತರ್ಗತ ಅಧಿಕಾರ 528ಕ್ಕೆ ಹೋಗಿ ಕೂತಿದೆ. ಕಾಯ್ದೆಯ ಹೆಸರು ಹಾಕದೆ ಬರೀ ‘482ರ ಅರ್ಜಿ’ ಎಂದು ಬರೆದರೆ ಮೌಲ್ಯಮಾಪಕರು ಯಾವುದೆಂದು ತಿಳಿಯಬೇಕು?

ಇನ್ನು ದಿನಾಂಕ. ಕಳವು ನಡೆದದ್ದು 2024ರ ಜೂನ್ 30ರ ರಾತ್ರಿ, ದೂರು ಕೊಟ್ಟದ್ದು ಜುಲೈ 2ರಂದು ಎಂದಿಟ್ಟುಕೊಳ್ಳಿ. ಅಪರಾಧಕ್ಕೆ ಐಪಿಸಿ 379 ಅನ್ವಯ, ತನಿಖೆ ಮಾತ್ರ ಹೊಸ ಸಂಹಿತೆಯ ಪ್ರಕಾರ. ಇದರ ಕೀಲಿ ನ್ಯಾಯ ಸಂಹಿತೆಯ 358 ಮತ್ತು ಸುರಕ್ಷಾ ಸಂಹಿತೆಯ 531ರಲ್ಲಿದೆ. ಎರಡೂ ಆಯಾ ಪುಸ್ತಕದ ಕೊನೆಯ ಸೆಕ್ಷನ್‌ಗಳು, ಅಲ್ಲಿಯವರೆಗೆ ಪುಟ ತಿರುವುವವರು ಕಡಿಮೆ. ಪ್ರಶ್ನೆ ಇಲ್ಲಿಗೇ ಮುಗಿಯುವುದೂ ಇಲ್ಲ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಬಾರಿ ಶಿಕ್ಷೆಗೊಳಗಾಗಿ, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದವನಿಗೆ ನ್ಯಾಯ ಸಂಹಿತೆಯ 303(2) ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಜೂನ್ 30ರ ಕಳ್ಳ ಆ ರಿಯಾಯಿತಿ ಕೇಳಬಹುದೇ? ಸಂವಿಧಾನದ 20(1)ನೇ ವಿಧಿ ತಡೆಯುವುದು ನಂತರ ಬಂದ ಕಠಿಣ ಕಾನೂನನ್ನು, ಮೃದು ಕಾನೂನನ್ನಲ್ಲ. ಪ್ರೊಬೇಷನ್ ಕಾಯ್ದೆಯ ಲಾಭವನ್ನು ಹಿಂದಿನ ಅಪರಾಧಕ್ಕೂ ಕೊಟ್ಟ ರತ್ತನ್ ಲಾಲ್ ತೀರ್ಪನ್ನು ಇಲ್ಲಿ ತಂದು ವಾದಿಸುವವರ ಉತ್ತರ ಎದ್ದು ಕಾಣುತ್ತದೆ.

ಎಫ್‌ಐಆರ್ ಪ್ರಶ್ನೆಗೆ ದಾಖಲು ಕಡ್ಡಾಯವೆಂದ ಲಲಿತಾ ಕುಮಾರಿ ತೀರ್ಪು (2013) ಬರೆದು ಪೆನ್ನಿಗೆ ಕ್ಯಾಪ್ ಹಾಕುವುದೂ ಹಳೇ ಚಾಳಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಟ್ಟಿದೆ. ಕವಿತೆಯೊಂದರ ಮೇಲೆ ದಾಖಲಾಗಿದ್ದ ಎಫ್‌ಐಆರ್ ರದ್ದು ಮಾಡಿದ ಇಮ್ರಾನ್ ಪ್ರತಾಪ್‌ಗಢಿ ತೀರ್ಪು (ಮಾರ್ಚ್ 2025) ಈ ಉಪಸೆಕ್ಷನ್ನನ್ನು ಬಿಡಿಸಿ ಹೇಳುತ್ತದೆ. ಓದಲೇಬೇಕಾದ್ದು.

ಸಂವಿಧಾನದ ಪತ್ರಿಕೆಯಲ್ಲಿ ಕನ್ನಡಿಗರದೇ ಕಾರುಬಾರು: ಎಡನೀರು ಮಠದ ಕೇಶವಾನಂದ ಭಾರತಿ, ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇವರ ಹೆಸರಿನ ತೀರ್ಪುಗಳು ಎಲ್ಲರಿಗೂ ಗೊತ್ತು. ಈ ಬಾರಿ ಸಮಯ ಕೊಡಬೇಕಾದ್ದು ಪರಿಶಿಷ್ಟ ಜಾತಿಗಳ ಒಳಮೀಸಲಾತಿಯನ್ನು ಎತ್ತಿಹಿಡಿದ 2024ರ ಆಗಸ್ಟ್ 1ರ ದವಿಂದರ್ ಸಿಂಗ್ ತೀರ್ಪಿಗೆ. ಏಳು ನ್ಯಾಯಮೂರ್ತಿಗಳು, 6:1. ಬಹುಮತದ ತೀರ್ಮಾನ ಗೈಡುಗಳಲ್ಲಿ ಸಿಗುತ್ತದೆ, ನ್ಯಾ. ಬೇಲಾ ತ್ರಿವೇದಿಯವರ ಭಿನ್ನಮತವನ್ನು ಮೂಲದಲ್ಲೇ ಓದಬೇಕು, ವಾದದ ಎರಡೂ ಮಗ್ಗುಲು ಆಗಲೇ ಕಾಣುವುದು. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್‌ನಲ್ಲಿ ತೀರ್ಪುಗಳು ಉಚಿತ, ಕೆಲವಕ್ಕೆ ಕನ್ನಡ ಅನುವಾದವೂ ಉಂಟು.

ಅಂತಿಮ ವರ್ಷದವರಿಗೆ ಎರಡು ಸುದ್ದಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿತು. ಪದವಿ ಮುಗಿಸಿ ನೇರ ಪರೀಕ್ಷೆಗೆ ಕೂರುವ ಲೆಕ್ಕಾಚಾರ ಹಾಕಿದ್ದವರಿಗೆ ಅದು ಪೆಟ್ಟು. ಅದಕ್ಕೂ ಮೊದಲು, 2024ರ ಜುಲೈ 30ರ ಗೌರವ್ ಕುಮಾರ್ ತೀರ್ಪು ವಕೀಲರ ಪರಿಷತ್ತುಗಳ ನೋಂದಣಿ ಶುಲ್ಕವನ್ನು ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗೆ ಕಟ್ಟಿಹಾಕಿತು.

ನೋಂದಣಿಯ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆ ಇದೆಯಲ್ಲ, ಅಲ್ಲಿಗೆ ಟಿಪ್ಪಣಿಗಳಿಲ್ಲದ ಬೇರ್ ಆಕ್ಟ್ ಒಯ್ಯಬಹುದು. ಹಾಗಾಗಿ ಹೊಸ ಸಂಹಿತೆಗಳ ಎರಡೆರಡು ಪ್ರತಿ ಕೊಳ್ಳಿ: ಒಂದು ಮನಸೋ ಇಚ್ಛೆ ಗೀಚಲು, ಇನ್ನೊಂದಕ್ಕೆ ಪೆನ್ಸಿಲನ್ನೂ ತಾಗಿಸಬೇಡಿ.