ಒಸಡಿಗೊದಗಿದ ಕಿರಣ

ತೆಂಗು ಅಡಕೆಗಳ ತೋಟಗಳುಳ್ಳ ಹಿರೇನಲ್ಲೂರಿನ ಸೀಮೆಯಲ್ಲಿ, ಊಟವಾದೊಡನೆ ಎಲೆಯಡಕೆ ಮೆಲ್ಲುವ ಹಿರಿಯರು ಒಸಡಿನಲ್ಲಿ ರಕ್ತವೊಸರಿದರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುವುದೂ, ಅಲುಗಾಡುವ ಹಲ್ಲನ್ನು ಕಡೆಗೆ ಕೀಳಿಸಿಕೊಳ್ಳುವುದೂ ಬಹುಕಾಲದ ವಾಡಿಕೆ. 1960ರಲ್ಲಿ ಅಮೆರಿಕದ ವಿಜ್ಞಾನಿ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲು ಹೊಮ್ಮಿಸಿದ ಲೇಸರ್ ಕಿರಣವು ಇಂದು ಇಂಥ ಒಸಡಿನ ಶುಶ್ರೂಷೆಗೂ ಒದಗಿರುವುದನ್ನು ನೆನೆದರೆ ಮನಸ್ಸು ಹರ್ಷಿಸುತ್ತದೆ. ಆರೋಗ್ಯವಂತ ಒಸಡಿಗೂ ಹಲ್ಲಿಗೂ ನಡುವಣ ಸಂದು 1ರಿಂದ 3 ಮಿಲಿಮೀಟರ್. ರೋಗದಿಂದ ಅದು ಆಳವಾದಾಗ ವೈದ್ಯರು ಬೇರಿಗಂಟಿದ ಗಟ್ಟಿ ಪಾಚಿಯನ್ನು ಮೊದಲು ಕೆರೆದು ತೆಗೆದು, ಬಳಿಕ ಕೂದಲೆಳೆಯಂಥ ಗಾಜಿನ ತಂತುವನ್ನು ಅಲ್ಲಿಗಿಳಿಸಲು, ರಕ್ತದ ವರ್ಣದ್ರವ್ಯವು ಹೀರಿಕೊಳ್ಳುವ ಡಯೋಡ್ ಲೇಸರ್ ಕಿರಣವು ರೋಗಗ್ರಸ್ತ ಒಳಪದರವನ್ನು ಸವೆಸುತ್ತ, ಒಸರುವ ನೆತ್ತರನ್ನು ಅಲ್ಲಲ್ಲೇ ಹೆಪ್ಪುಗಟ್ಟಿಸುತ್ತದೆ. ಕೆರೆಯುವ ಕೈಕೆಲಸವನ್ನು ಬಿಟ್ಟು ಕಿರಣವೊಂದನ್ನೇ ನೆಚ್ಚುವಂತಿಲ್ಲ. ಬೇರಿಗೆ ಕಾವು ತಗುಲದಂತೆ ತಂತುವನ್ನು ನಿಲ್ಲಿಸದೆ ನಡೆಸುವ ಆ ಹಸ್ತಸಂಯಮವೇ ನನಗೆ ಅತ್ಯಂತ ಪ್ರಿಯವಾದುದು.